ಒಂದೇ ಬೇರಿಂಗ್, ಎರಡು ಡಬ್ಬಿ

ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನ ಕಪಾಟಿನಲ್ಲಿ, ಮೂರನೆಯ ಸಾಲಿನಲ್ಲಿ, ಎರಡು ಡಬ್ಬಿಗಳು ಅಕ್ಕಪಕ್ಕ ಕೂತಿವೆ. ಒಂದರ ಮೇಲೆ ಒಂದು ಕಾರು ಕಂಪನಿಯ ಹೆಸರು, ಇನ್ನೊಂದರ ಮೇಲೆ ಅದರ ಎದುರಾಳಿಯ ಹೆಸರು. ಎರಡನ್ನೂ ಬಿಚ್ಚಿದರೆ ಒಳಗಿರುವುದು ಒಂದೇ ವೀಲ್ ಬೇರಿಂಗ್. ತಯಾರಿಸಿದವರು ಒಬ್ಬರೇ, ಉಕ್ಕಿನ ಬಳೆಯ ಮೇಲೆ ಕೆತ್ತಿದ ಸಂಖ್ಯೆಯೂ ಒಂದೇ. ಬೆಲೆಯಲ್ಲಿ ಮಾತ್ರ 140 ರೂಪಾಯಿ ವ್ಯತ್ಯಾಸ. ಹೋದ ವರ್ಷ ಸಿರುಗುಪ್ಪದ ಅಕ್ಕಿ ಗಿರಣಿಯ ಯಜಮಾನರೊಬ್ಬರಿಗೆ ಕಡಿಮೆ ಬೆಲೆಯ ಡಬ್ಬಿ ಕೊಟ್ಟಾಗ ಅವರು ಅದನ್ನು ತಿರುಗಿಸಿ ನೋಡಿ, "ಇದು ನನ್ನ ಕಾರಿನದಲ್ಲಮ್ಮಾ, ಬೇರೆ ಕಂಪನಿಯದು" ಎಂದು ಮುಖ ಗಂಟಿಕ್ಕಿದರು. ಎರಡನ್ನೂ ಬಿಚ್ಚಿ ಅವರ ಎರಡು ಕೈಗಳಲ್ಲಿ ಇಟ್ಟೆ. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಹಾಗಾದರೆ ಇವರು ಎರಡು ಕಂಪನಿ ಯಾಕೆ ಇಟ್ಟುಕೊಂಡಿದ್ದಾರೆ? ಒಂದೇ ಆಗಿಬಿಡಬಹುದಲ್ಲ?"

ಅಂಗಡಿಯಲ್ಲಿ ಜನವಿತ್ತು, ಆ ಹೊತ್ತಿನಲ್ಲಿ ಸರಿಯಾದ ಉತ್ತರ ಕೊಡಲಾಗಲಿಲ್ಲ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಎದುರಾಳಿ ಕಾರು ಕಂಪನಿಗಳು ವಿಲೀನವಾಗುವುದನ್ನು ಷೇರು ಪೇಟೆಯವರು ಒಂದು ರೀತಿ ನೋಡುತ್ತಾರೆ, ಕಾರು ಕೊಳ್ಳುವವರು ಇನ್ನೊಂದು ರೀತಿ ನೋಡುತ್ತಾರೆ. ನಾನು ನೋಡುವುದು ಬಿಡಿಭಾಗಗಳ ಕಪಾಟಿನ ಕಡೆಯಿಂದ. ಇಲ್ಲಿಗೆ ಎಲ್ಲವೂ ತಡವಾಗಿ ಬರುತ್ತದೆ, ಆದರೆ ಬಂದದ್ದು ಹತ್ತು ಹದಿನೈದು ವರ್ಷ ಉಳಿಯುತ್ತದೆ.

ನಮ್ಮ ತಂದೆ ಬಳ್ಳಾರಿಯ ಬೆಂಗಳೂರು ರಸ್ತೆಯ ಹತ್ತಿರ ಈ ಅಂಗಡಿ ತೆರೆದದ್ದು 1981ರಲ್ಲಿ. ಆಗ ಕಾರು ಎಂದರೆ ಅಂಬಾಸಿಡರ್, ಇಲ್ಲವೇ ಪ್ರೀಮಿಯರ್ ಪದ್ಮಿನಿ. ಎರಡರ ಸಾಮಾನಿಗೂ ಸೇರಿ ಒಂದೇ ಕಪಾಟು ಸಾಕಾಗುತ್ತಿತ್ತು, ಉಳಿದ ಜಾಗವೆಲ್ಲ ಲಾರಿಯದು. ನಾನು ಗಲ್ಲಾದಲ್ಲಿ ಕೂರಲು ಶುರು ಮಾಡಿದ್ದು 1998ರಲ್ಲಿ. ಗಣಿಗಾರಿಕೆ ಜೋರಾಗಿದ್ದ ವರ್ಷಗಳಲ್ಲಿ ಸಂಡೂರು, ಹೊಸಪೇಟೆ ಕಡೆಯ ಅದಿರು ಲಾರಿಗಳಿಗೆ ಸ್ಪ್ರಿಂಗ್ ಪ್ಲೇಟು, ಬ್ರೇಕ್ ಲೈನಿಂಗ್ ಮಾರಿಯೇ ನಾವು ಮನೆ ಕಟ್ಟಿದೆವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳು ರಸ್ತೆ ಬದಿಯಲ್ಲಿ ಸಾಲಾಗಿ ನಿಂತವು. ನಮ್ಮ ವ್ಯಾಪಾರವೂ ಅವುಗಳ ಜೊತೆ ನಿಂತಿತು. ಆ ವರ್ಷ ಲಾರಿ ಸಾಮಾನನ್ನು ಬಂದ ಬೆಲೆಗೆ ಕೊಟ್ಟು ಕಾರಿನ ಬಿಡಿಭಾಗಗಳಿಗೆ ಹೊರಳಿದೆ. ಅಂದಿನಿಂದ ಯಾವ ಕಂಪನಿ ಯಾರ ಜೊತೆ ಸೇರುತ್ತದೆ, ಯಾರನ್ನು ಬಿಡುತ್ತದೆ ಎಂಬುದು ನನಗೆ ಹೊಟ್ಟೆಪಾಡಿನ ವಿಷಯ.

2024ರ ಡಿಸೆಂಬರ್ ಕೊನೆಯಲ್ಲಿ ಪಕ್ಕದ ಗ್ಯಾರೇಜಿನ ಮೇಸ್ತ್ರಿ ಮೊಬೈಲ್ ಹಿಡಿದುಕೊಂಡೇ ಒಳಗೆ ಬಂದರು. "ಅಕ್ಕಾ, ಹೋಂಡಾ, ನಿಸ್ಸಾನ್ ಒಂದಾಗುತ್ತವಂತೆ. ಇನ್ನು ಎರಡಕ್ಕೂ ಒಂದೇ ಪಾರ್ಟ್ಸ್, ಒಂದೇ ಕ್ಯಾಟಲಾಗ್." ಮುಖದಲ್ಲಿ ನಿಜವಾದ ಸಂತೋಷವಿತ್ತು. ಮೂವತ್ತು ವರ್ಷದ ಕೈ ಅವರದು. ಎಂಜಿನ್ ಸದ್ದು ಕೇಳಿಯೇ ಯಾವ ವಾಲ್ವ್ ಸಡಿಲವಾಗಿದೆ ಎಂದು ಹೇಳಬಲ್ಲರು. "ಇದು ಆಗುವುದಿಲ್ಲ ಅಣ್ಣಾ" ಎಂದೆ. ಅವರು ಒಪ್ಪಲಿಲ್ಲ. ಮಾತಿನಲ್ಲಿ ಇಬ್ಬರ ಚಹಾವೂ ಆರಿಹೋಯಿತು.

ಆ ಡಿಸೆಂಬರ್ 23ರಂದು ಎರಡು ಕಂಪನಿಗಳೂ ಒಪ್ಪಂದಪತ್ರಕ್ಕೆ ಸಹಿ ಹಾಕಿದ್ದವು. ಎರಡರ ಮೇಲೂ ಒಂದು ಹೋಲ್ಡಿಂಗ್ ಕಂಪನಿ ಕಟ್ಟಿ, 2026ರ ಆಗಸ್ಟ್ ಹೊತ್ತಿಗೆ ಅದರ ಅಡಿಯಲ್ಲಿ ಒಂದಾಗುವುದು ಅವರ ಯೋಜನೆ. ಹಾಗಾಗಿದ್ದರೆ ಮಾರಾಟದ ಲೆಕ್ಕದಲ್ಲಿ ಟೊಯೋಟಾ, ಫೋಕ್ಸ್‌ವ್ಯಾಗನ್ ನಂತರ ಜಗತ್ತಿನ ಮೂರನೆಯ ದೊಡ್ಡ ಕಾರು ಕಂಪನಿ ಹುಟ್ಟುತ್ತಿತ್ತು. ನನಗೆ ಅನುಮಾನ ಬಂದದ್ದಕ್ಕೆ ಕಾರಣ ಸರಳವಾಗಿತ್ತು. ಇಬ್ಬರೂ ಜಪಾನಿನವರು, ಇಬ್ಬರಿಗೂ ಅಮೆರಿಕವೇ ದೊಡ್ಡ ಪೇಟೆ, ಇಬ್ಬರೂ ಅಲ್ಲಿ ಮಾರುವುದು ಹೆಚ್ಚುಕಡಿಮೆ ಒಂದೇ ಅಳತೆಯ ಕಾರುಗಳು. ಚೀನಾದಲ್ಲಿ ವಿದ್ಯುತ್ ಕಾರುಗಳ ಎದುರು ಇಬ್ಬರೂ ನೆಲ ಕಳೆದುಕೊಳ್ಳುತ್ತಿದ್ದರು. ಒಬ್ಬನಿಗೆ ಇಲ್ಲದ್ದು ಇನ್ನೊಬ್ಬನ ಬಳಿ ಇದ್ದರೆ ಕೂಡಿಕೆಗೆ ಅರ್ಥವಿದೆ. ಇಬ್ಬರ ಚೀಲದಲ್ಲೂ ಒಂದೇ ಕಡೆ ತೂತಿದ್ದರೆ ಎರಡು ಚೀಲ ಸೇರಿಸಿ ಹೊಲಿದು ಏನು ಬಂತು?

2025ರ ಫೆಬ್ರವರಿ 13ರಂದು ಮಾತುಕತೆ ಮುರಿಯಿತು. ಹೋಂಡಾ ಕೊನೆಗೆ ಮುಂದಿಟ್ಟದ್ದು ನಿಸ್ಸಾನ್ ತನ್ನ ಅಂಗಸಂಸ್ಥೆಯಾಗಲಿ ಎಂಬ ಪ್ರಸ್ತಾಪ. ನಿಸ್ಸಾನ್ ಒಪ್ಪಲಿಲ್ಲ. ಮೇಸ್ತ್ರಿಗೆ ಬೇಸರವಾಯಿತು, ನನಗೆ ಸಮಾಧಾನವಾಯಿತು. ಯಾರು ಯಜಮಾನ ಎಂಬ ಪ್ರಶ್ನೆಯನ್ನು ಮದುವೆಗೆ ಮೊದಲೇ ಬಾಯಿಬಿಟ್ಟು ಕೇಳಿದ್ದಕ್ಕೆ ಹೋಂಡಾದ ಮೇಲೆ ನನಗೆ ಗೌರವವಿದೆ. ಆ ಪ್ರಶ್ನೆಯನ್ನು ಮುಚ್ಚಿಟ್ಟುಕೊಂಡು ಮದುವೆಯಾದವರ ಕಥೆಯನ್ನು ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು ಇವರೆಲ್ಲ ಯಾಕೆ ಒಂದಾಗಲು ಹಾತೊರೆಯುತ್ತಾರೆ ಎಂಬುದನ್ನು ನಮ್ಮೂರಿನ ಲೆಕ್ಕದಲ್ಲೇ ನೋಡಬಹುದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ಎಷ್ಟಿದ್ದಾರೆ ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಪ್ರತಿಯೊಬ್ಬರಿಗೂ ಅವರವರದೇ ಲೇಬಲ್, ಅವರವರದೇ ಕಟಿಂಗ್. ಆದರೆ ಪ್ಯಾಂಟಿಗೆ ಬಣ್ಣ ತೆಗೆಯುವ ವಾಷಿಂಗ್ ಯೂನಿಟ್ ಪ್ರತಿಯೊಬ್ಬರೂ ಹಾಕಲಾರರು. ಯಂತ್ರಕ್ಕೆ, ನೀರಿಗೆ, ಬಾಯ್ಲರಿಗೆ ಹಣ ಬೇಕು, ದಿನವೂ ಸಾಕಷ್ಟು ಪ್ಯಾಂಟು ಬಿದ್ದರೆ ಮಾತ್ರ ಆ ಹಣ ಹುಟ್ಟುತ್ತದೆ. ಹಾಗಾಗಿ ಪೇಟೆಯಲ್ಲಿ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಸೆಳೆಯುವ ನಾಲ್ಕಾರು ಲೇಬಲ್ಲಿನವರ ಮಾಲು ಒಂದೇ ಯೂನಿಟ್ಟಿನಲ್ಲಿ ತೊಳೆದು ಬರುತ್ತದೆ. ಕಾರಿನಲ್ಲಿಯೂ ಹೀಗೆಯೇ. ಒಂದು ಬಾಗಿಲಿನ ತಗಡನ್ನು ಒತ್ತುವ ಅಚ್ಚಿಗೇ ಕೋಟಿಗಳ ಲೆಕ್ಕ. ತಳಪಾಯ, ಸ್ಟಿಯರಿಂಗ್, ಸಸ್ಪೆನ್ಷನ್ ಎಲ್ಲ ಸೇರಿದ ಪ್ಲಾಟ್‌ಫಾರ್ಮ್ ಒಂದನ್ನು ಹೊಸದಾಗಿ ರೂಪಿಸಲು ಸಾವಿರಾರು ಕೋಟಿ ರೂಪಾಯಿ ಬೇಕು. ಅದರ ಮೇಲೆ ಹೊಗೆಯ ನಿಯಮ, ಬ್ಯಾಟರಿ, ಸಾಫ್ಟ್‌ವೇರ್. ಒಂದು ಲಕ್ಷ ಕಾರಿಗೆ ಹಂಚಿದರೆ ಹೊರಲಾಗದ ಖರ್ಚು ಹತ್ತು ಲಕ್ಷ ಕಾರಿಗೆ ಹಂಚಿದರೆ ಹಗುರವಾಗುತ್ತದೆ. ಈ ಲೆಕ್ಕ ನೂರಕ್ಕೆ ನೂರು ಸತ್ಯ, ಇದನ್ನು ಅಲ್ಲಗಳೆಯುವವರು ಅಚ್ಚಿನ ಬೆಲೆ ಕೇಳಿದವರಲ್ಲ.

ಆದರೆ ವಾಷಿಂಗ್ ಯೂನಿಟ್ ಹಂಚಿಕೊಂಡ ಮಾತ್ರಕ್ಕೆ ಜೀನ್ಸಿನವರು ಅಂಗಡಿಯನ್ನೂ ಒಂದು ಮಾಡುವುದಿಲ್ಲ. ಇದೇ ನನ್ನ ಮಾತಿನ ತಿರುಳು. ಇದಕ್ಕೆ ನನ್ನ ಬಳಿ ಇರುವ ಅತಿ ದೊಡ್ಡ ಸಾಕ್ಷಿ ಒಂದು ಎಂಜಿನ್.

1248 ಸಿಸಿಯ ಆ ಡೀಸೆಲ್ ಎಂಜಿನ್ ಹೆಸರು ಮಲ್ಟಿಜೆಟ್. ಮೂಲ ಇಟಲಿಯ ಫಿಯಾಟ್. ಮಾರುತಿಯ ಸ್ವಿಫ್ಟ್ ಮತ್ತು ಡಿಸೈರ್, ಟಾಟಾದ ಇಂಡಿಕಾ ವಿಸ್ಟಾ ಮತ್ತು ಮಾಂಜಾ, ಫಿಯಾಟ್‌ನದೇ ಪುಂಟೊ ಮತ್ತು ಲಿನಿಯಾ, ಷೆವ್ರೊಲೆಯ ಸೇಲ್, ಹೀಗೆ ಪರಸ್ಪರ ಹಣಾಹಣಿಗಿಳಿದ ಕಂಪನಿಗಳ ಬಾನೆಟ್ಟಿನ ಕೆಳಗೆ ಅದೇ ಎಂಜಿನ್ ಇತ್ತು. ಭಾರತದ ರಾಷ್ಟ್ರೀಯ ಎಂಜಿನ್ ಎಂದೇ ಜನ ಅದನ್ನು ಕರೆದರು. 2007ರಲ್ಲಿ ಸ್ವಿಫ್ಟ್ ಡೀಸೆಲ್ ಬಂದಾಗಿನಿಂದ 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಬಿಗಿಯಾದ ಹೊಗೆ ನಿಯಮ ಜಾರಿಗೆ ಬರುವವರೆಗೆ ಅದು ಈ ದೇಶದ ಟ್ಯಾಕ್ಸಿಗಳನ್ನು ಎಳೆಯಿತು. ಬಳ್ಳಾರಿಯಿಂದ ರಾಯಚೂರಿಗೆ, ಕೊಪ್ಪಳಕ್ಕೆ ಬಾಡಿಗೆ ಹೊಡೆಯುವ ಚಾಲಕರ ಎಷ್ಟು ಸ್ವಿಫ್ಟ್, ಎಷ್ಟು ವಿಸ್ಟಾಗಳಿಗೆ ನಾನು ಟೈಮಿಂಗ್ ಚೈನ್ ಕಿಟ್ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಎಂಜಿನ್ನಿನ ಹೊಟ್ಟೆಯೊಳಗಿನ ಎಷ್ಟೋ ಭಾಗಗಳು ಒಂದೇ ಅಚ್ಚಿನವು. ಮೇಸ್ತ್ರಿ ಒಂದರಲ್ಲಿ ಕಲಿತ ಕೆಲಸವನ್ನು ಎಲ್ಲದರಲ್ಲೂ ಮಾಡಿದರು.

ಈ ಎಂಜಿನ್ ಹುಟ್ಟಿದ ಮನೆಯ ಕಥೆ ಇನ್ನೂ ಸ್ವಾರಸ್ಯದ್ದು. 2000ದಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಮತ್ತು ಫಿಯಾಟ್ ಕೈಜೋಡಿಸಿದವು. ಎಂಜಿನ್ ಮತ್ತು ಗೇರ್‌ಬಾಕ್ಸ್ ಮಾಡಲು ಇಬ್ಬರದೂ ಸೇರಿ ಒಂದು ಕಂಪನಿಯಾಯಿತು. ಜೊತೆಗೆ ಒಂದು ಷರತ್ತೂ ಇತ್ತು. ಫಿಯಾಟ್ ಬಯಸಿದರೆ ತನ್ನ ಕಾರು ವ್ಯವಹಾರದ ಉಳಿದ ಪಾಲನ್ನೂ ಜನರಲ್ ಮೋಟರ್ಸ್‌ಗೆ ಮಾರಬಹುದು, ಜನರಲ್ ಮೋಟರ್ಸ್ ಕೊಳ್ಳಲೇಬೇಕು. ಫಿಯಾಟ್‌ನ ಸಾಲ ಬೆಟ್ಟದಷ್ಟಾದಾಗ ಅಮೆರಿಕದವರು ಹೆದರಿದರು. 2005ರ ಫೆಬ್ರವರಿಯಲ್ಲಿ ಫಿಯಾಟ್‌ನ ಮುಖ್ಯಸ್ಥ ಸೆರ್ಜಿಯೊ ಮಾರ್ಕಿಯೊನ್ನೆ ಆ ಷರತ್ತನ್ನು ಮುಂದೆ ಹಿಡಿದು, ಕೊಳ್ಳದೆ ಬಿಟ್ಟುಬಿಡುವುದಕ್ಕಾಗಿ ಜನರಲ್ ಮೋಟರ್ಸ್‌ನಿಂದ ಸುಮಾರು 200 ಕೋಟಿ ಡಾಲರ್ ಪಡೆದರು. ಒಂದು ಕಾರು ಕಂಪನಿಯನ್ನು ತನ್ನದಾಗಿಸಿಕೊಳ್ಳದೆ ಇರಲು ಇನ್ನೊಂದು ಕೊಟ್ಟ ಹಣ ಅದು! ಗದ್ದುಗೆಯನ್ನು ಹಂಚಿಕೊಳ್ಳುವ ಭಾಗ ಹೀಗೆ ಮುರಿದುಬಿತ್ತು. ಎಂಜಿನ್ ಹಂಚಿಕೊಂಡ ಭಾಗವೋ, ಇಪ್ಪತ್ತು ವರ್ಷಗಳ ನಂತರವೂ ಸಿಂಧನೂರಿನ ರಸ್ತೆಯಲ್ಲಿ ಭತ್ತದ ಚೀಲ ಹೊತ್ತು ಓಡುತ್ತಿದೆ.

ಅದೇ ಫಿಯಾಟ್‌ನ 2 ಲೀಟರ್ ಡೀಸೆಲ್ ಎಂಜಿನ್ ಮುಂದೆ ಜೀಪ್ ಕಂಪಾಸ್, ಟಾಟಾ ಹ್ಯಾರಿಯರ್, ಎಂಜಿ ಹೆಕ್ಟರ್ ಮೂರರಲ್ಲೂ ಕೂತಿತು. ನಮ್ಮದೇ ರಾಜ್ಯದ ಬಿಡದಿಯಲ್ಲಿ ಟೊಯೋಟಾದ ಕಾರ್ಖಾನೆಯಿದೆ. 2022ರಲ್ಲಿ ಬಂದ ಮಾರುತಿಯ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾದ ಹೈರೈಡರ್ ಎರಡೂ ಆ ಒಂದೇ ಕಾರ್ಖಾನೆಯಿಂದ ಹೊರಬಂದವು. ಬಲೆನೊ ಕಾರಿಗೆ ಟೊಯೋಟಾ ಲಾಂಛನ ಅಂಟಿ ಗ್ಲಾಂಜಾ ಆದದ್ದು 2019ರಲ್ಲಿ. ಸುಜುಕಿಯಲ್ಲಿ ಟೊಯೋಟಾ ಕೊಂಡ ಪಾಲು ಆಗ ಶೇಕಡಾ 5ರಷ್ಟೂ ಇರಲಿಲ್ಲ. ಬಳ್ಳಾರಿಯಲ್ಲಿ ಎರಡಕ್ಕೂ ಬೇರೆ ಬೇರೆ ಶೋರೂಮ್. ಗಿರಾಕಿ ಒಂದರಲ್ಲಿ ಬೆಲೆ ಕೇಳಿ ಇನ್ನೊಂದಕ್ಕೆ ಹೋಗಬಹುದು. ಸಿರುಗುಪ್ಪದ ಯಜಮಾನರಿಗೆ ನಾನು ಅಂದೇ ಹೇಳಬೇಕಾಗಿದ್ದ ಉತ್ತರ ಇದು: ಅವರು ಎರಡಾಗಿರುವುದರಿಂದಲೇ ನಿಮಗೆ 140 ರೂಪಾಯಿ ಉಳಿಯಿತು.

ಈಗ ಮುಚ್ಚಿಟ್ಟುಕೊಂಡು ಮದುವೆಯಾದವರ ಕಥೆ. ನಾನು ಗಲ್ಲಾದಲ್ಲಿ ಕೂತ ವರ್ಷವೇ, 1998ರಲ್ಲಿ, ಜರ್ಮನಿಯ ಡೈಮ್ಲರ್-ಬೆಂಝ್ ಮತ್ತು ಅಮೆರಿಕದ ಕ್ರೈಸ್ಲರ್ ಒಂದಾದವು. ಸುಮಾರು 3,600 ಕೋಟಿ ಡಾಲರ್ ಮೌಲ್ಯದ ವ್ಯವಹಾರ. ಸಮಾನರ ವಿಲೀನ ಎಂದು ಜಗತ್ತಿಗೆಲ್ಲ ಸಾರಿದರು. ಎರಡೇ ವರ್ಷದಲ್ಲಿ ಡೈಮ್ಲರ್ ಕಡೆಯ ಮುಖ್ಯಸ್ಥ ಯೂರ್ಗನ್ ಶ್ರೆಂಪ್ ಪತ್ರಿಕೆಯೊಂದರ ಮುಂದೆ, ಕ್ರೈಸ್ಲರ್ ಒಂದು ವಿಭಾಗವಾಗಿ ಇರಬೇಕೆಂಬುದೇ ತಮ್ಮ ಮೊದಲಿನ ಉದ್ದೇಶವಾಗಿತ್ತು ಎಂಬರ್ಥದ ಮಾತಾಡಿದರು. ಕ್ರೈಸ್ಲರ್ ಕಡೆಯ ಮುಖ್ಯಸ್ಥ ರಾಬರ್ಟ್ ಈಟನ್ ಅಷ್ಟರಲ್ಲಿ ಮನೆಗೆ ಹೋಗಿದ್ದರು. ಸಮಾನರು ಎಂಬ ಮಾತನ್ನು ನಂಬಿದ್ದ ಷೇರುದಾರರು ಕೋರ್ಟಿಗೆ ಹೋದರು.

ಮೇಸ್ತ್ರಿಗೆ ನಾನು ವಿವರಿಸಿ ಹೇಳಿದ್ದು ಈ ಭಾಗವನ್ನೇ. ಮರ್ಸಿಡಿಸ್ ಕಟ್ಟುವವರಿಗೆ ತಮ್ಮ ಬಿಡಿಭಾಗವನ್ನು ಅಗ್ಗದ ಕಾರಿಗೆ ಕೊಟ್ಟರೆ ತಮ್ಮ ಹೆಸರಿನ ಬೆಲೆ ಇಳಿಯುತ್ತದೆ ಎಂಬ ಭಯ. ಹಾಗಾಗಿ ಯಾವುದಕ್ಕಾಗಿ ಒಂದಾದರೋ ಆ ಹಂಚಿಕೆಯೇ ಬಹುಪಾಲು ನಡೆಯಲಿಲ್ಲ. ಕ್ರಾಸ್‌ಫೈರ್ ಎಂಬ ಕಾರು ಮರ್ಸಿಡಿಸ್ ಎಸ್‌ಎಲ್‌ಕೆಯ ತಳಪಾಯದ ಮೇಲೆ ಬಂತು, ಆದರೆ ಅದು ಹಳೆಯ ತಳಪಾಯ. ಮಗನಿಗೆ ಹೊಸ ಅಂಗಿ ಹೊಲಿಸಿ ಸೊಸೆಗೆ ಹಳೆಯ ಸೀರೆ ಕೊಟ್ಟ ಹಾಗೆ. ಒಂಬತ್ತು ವರ್ಷಗಳ ನಂತರ, 2007ರಲ್ಲಿ, ಕ್ರೈಸ್ಲರ್‌ನ ಶೇಕಡಾ 80.1 ಪಾಲನ್ನು ಸೆರ್ಬೆರಸ್ ಎಂಬ ಹೂಡಿಕೆ ಸಂಸ್ಥೆಗೆ 740 ಕೋಟಿ ಡಾಲರಿಗೆ ಕೊಟ್ಟು ಕೈತೊಳೆದುಕೊಂಡರು. 2009ರಲ್ಲಿ ಕ್ರೈಸ್ಲರ್ ದಿವಾಳಿ ಅರ್ಜಿ ಹಾಕಿತು. ಈ ಹನ್ನೊಂದು ವರ್ಷಗಳಲ್ಲಿ ಕೆಲಸ ಕಳೆದುಕೊಂಡವರ ಬಗ್ಗೆ ಓದಿದಾಗ ನನಗೆ 2011ರ ನಮ್ಮ ಲಾರಿ ಚಾಲಕರ ಮುಖಗಳು ನೆನಪಾಗುತ್ತವೆ. ಮೇಲೆ ಕೂತವರು ಹಾಕಿದ ಸಹಿಯ ಭಾರ ಯಾವಾಗಲೂ ಕೆಳಗಿದ್ದವರ ಬೆನ್ನಿಗೇ ಬೀಳುತ್ತದೆ.

ಅದೇ 1998ರಲ್ಲಿ ಕೊರಿಯಾದಲ್ಲಿ ಇನ್ನೊಂದು ಕೂಡಿಕೆ ನಡೆಯಿತು. 1997ರಲ್ಲಿ ದಿವಾಳಿಯೆದ್ದಿದ್ದ ಕಿಯಾವನ್ನು ಅದರ ಎದುರಾಳಿ ಹ್ಯುಂಡೈ ಕೊಂಡುಕೊಂಡಿತು. ಯಾರೂ ಸಮಾನರು ಎಂದು ಹೇಳಿಕೊಳ್ಳಲಿಲ್ಲ. ಸೋತವರು ಯಾರು, ಗೆದ್ದವರು ಯಾರು ಎಂಬುದು ಮೊದಲ ದಿನದಿಂದ ಗೊತ್ತಿತ್ತು. ಹಾಗಿದ್ದೂ ಗೆದ್ದವರು ಸೋತವರ ಹೆಸರನ್ನು ಅಳಿಸಲಿಲ್ಲ. ಎಂಜಿನ್, ಗೇರ್‌ಬಾಕ್ಸ್, ಪ್ಲಾಟ್‌ಫಾರ್ಮ್ ಒಂದೇ ಆಯಿತು, ಹೊರಗಿನ ರೂಪ ಬೇರೆಯಾಗಿ ಬೆಳೆಯಿತು. 2006ರಲ್ಲಿ ಕಿಯಾ ಜರ್ಮನಿಯ ಪೀಟರ್ ಶ್ರೈಯರ್ ಎಂಬ ವಿನ್ಯಾಸಕಾರನನ್ನು ಕರೆತಂದು, ಹ್ಯುಂಡೈ ಕಾರುಗಳಿಗಿಂತ ಬೇರೆಯಾಗಿ ಕಾಣುವ ಮುಖವನ್ನು ತನ್ನ ಕಾರುಗಳಿಗೆ ಕೊಡಿಸಿಕೊಂಡಿತು.

ಇದರ ಫಲವನ್ನು ನೋಡಲು ನಾವು ಕೊರಿಯಾಕ್ಕೆ ಹೋಗಬೇಕಾಗಿಲ್ಲ. ಬಳ್ಳಾರಿಯಿಂದ ಅನಂತಪುರಕ್ಕೆ ಹೋಗಿ ಬೆಂಗಳೂರು ಹೆದ್ದಾರಿ ಹಿಡಿದರೆ ಪೆನುಕೊಂಡದ ಬಳಿ ಕಿಯಾ ಕಾರ್ಖಾನೆ ಸಿಗುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನಮ್ಮ ಯಜಮಾನರಿಗೆ ಗಾಡಿ ನಿಲ್ಲಿಸಲು ಹೇಳಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿದೆ. ಮಳೆ ಕಾಣದ ನೆಲ, ಕಡಲೆಕಾಯಿ ಬೆಳೆಯೂ ಕೈಕೊಡುವ ಸೀಮೆ, ಅಲ್ಲಿ ವರ್ಷಕ್ಕೆ ಮೂರು ಲಕ್ಷ ಕಾರು ಮಾಡುವ ಶಕ್ತಿಯ ಕಾರ್ಖಾನೆ. 2019ರಲ್ಲಿ ಅಲ್ಲಿಂದ ಸೆಲ್ಟೋಸ್ ಬಂತು. ಚೆನ್ನೈ ಹತ್ತಿರದ ಶ್ರೀಪೆರುಂಬುದೂರಿನಿಂದ ಹ್ಯುಂಡೈ ಕ್ರೆಟಾ ಬರುತ್ತದೆ. ಮರುವರ್ಷ ಬಂದ ಹೊಸ ಕ್ರೆಟಾಕ್ಕೂ ಸೆಲ್ಟೋಸ್‌ಗೂ ತಳಪಾಯ ಒಂದೇ, 1.5 ಲೀಟರ್ ಎಂಜಿನ್ನುಗಳೂ ಅವೇ. ಗಿರಾಕಿಗಳು ಮಾತ್ರ ನಮ್ಮ ಅಂಗಡಿಯ ಮುಂದೆಯೇ ನಿಂತು ಯಾವುದು ಮೇಲು ಎಂದು ಜಗಳವಾಡುತ್ತಾರೆ. ಎರಡು ಊರುಗಳಿಗೆ ಅನ್ನ, ಎರಡು ಮುಖಗಳ ಕಾರು, ಒಂದೇ ಕಪಾಟಿನ ಸಾಮಾನು. ವಿಲೀನಕ್ಕೆ ಅರ್ಥ ಬರುವುದಿದ್ದರೆ ಅದು ಹೀಗೆ ಬರಬೇಕು.

ನಮ್ಮ ತಾಯಿಯ ಪೆಟ್ಟಿಗೆಯಲ್ಲಿ ಒಂದೇ ಖಾತೆಯ ನಾಲ್ಕು ಪಾಸ್‌ಬುಕ್ಕುಗಳಿವೆ: ತುಂಗಭದ್ರಾ ಗ್ರಾಮೀಣ ಬ್ಯಾಂಕ್, 2005ರ ನಂತರ ಪ್ರಗತಿ, 2013ರ ನಂತರ ಪ್ರಗತಿ ಕೃಷ್ಣಾ, 2019ರ ನಂತರ ಕರ್ನಾಟಕ ಗ್ರಾಮೀಣ. ಹೆಸರು ಬದಲಾದದ್ದು ಅಮ್ಮನನ್ನು ಒಂದು ದಿನವೂ ಕಾಡಲಿಲ್ಲ, ಏಕೆಂದರೆ ಶಾಖೆ ಅದೇ ಬೀದಿಯಲ್ಲಿತ್ತು, ಕನ್ನಡ ಬಲ್ಲವರು ಅಲ್ಲಿ ಕೂತಿದ್ದರು. ಕಾರಿನಲ್ಲೂ ಜನರಿಗೆ ಬೇಕಾಗಿರುವುದು ಇಷ್ಟೇ. ನಾಳೆ ಕ್ಲಚ್ ಪ್ಲೇಟು ಸಿಗುತ್ತದೆಯೇ, ರಿಪೇರಿಗೆ ಎಲ್ಲಿಗೆ ಹೋಗಬೇಕು?

ಈ ಜಾಗದಲ್ಲೇ ಮೇಸ್ತ್ರಿ ನನ್ನನ್ನು ಹಿಡಿದರು. "ಅಕ್ಕಾ, ಒಂದಾಗಬೇಡಿ ಎಂದು ಹೇಳುವುದು ಸುಲಭ. ಒಂಟಿಯಾಗಿಯೇ ಉಳಿದು ಸತ್ತ ಕಂಪನಿಯ ಕಾರು ಕೊಂಡವರ ಗತಿ ಏನು?" ಎಂದರು. ಆ ಮಾತಿಗೆ ನಾನು ತಲೆಬಾಗಲೇಬೇಕಾಯಿತು. ಕುರುಗೋಡಿನ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಭವಿಷ್ಯನಿಧಿಯ ಹಣದಲ್ಲಿ ಕಾರು ಕೊಂಡಿದ್ದರು. ಕೊಂಡ ಕೆಲವು ವರ್ಷಗಳಲ್ಲಿ ಆ ಕಂಪನಿ ದೇಶದಲ್ಲಿ ಮಾರಾಟ ನಿಲ್ಲಿಸಿತು. ಅವರ ಸ್ಟಿಯರಿಂಗ್ ರ‍್ಯಾಕ್ ಹೋದಾಗ ನಾನು ಫೋನ್ ಮಾಡದ ಊರಿಲ್ಲ. ನಲವತ್ತೊಂದು ದಿನ ಕಾರು ಮೇಸ್ತ್ರಿಯ ಗ್ಯಾರೇಜಿನಲ್ಲಿ ಧೂಳು ತಿಂದಿತು. ಮೇಷ್ಟ್ರು ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಕಾರಿನ ಗಾಜು ಒರೆಸಿ, ಏನೂ ಬಯ್ಯದೆ ಹೋಗುತ್ತಿದ್ದರು. ಕೊನೆಗೆ ಹೈದರಾಬಾದಿನ ಗುಜರಿಯೊಂದರಿಂದ ಅಪಘಾತದ ಕಾರಿನ ರ‍್ಯಾಕ್ ತರಿಸಿ ಹಾಕಿಸಿದೆವು. ಅವರಿಂದ ಲಾಭ ತೆಗೆದುಕೊಳ್ಳಲು ನನ್ನ ಕೈ ಬರಲಿಲ್ಲ. ಅಂಥ ಕಂಪನಿಯನ್ನು ಯಾರಾದರೂ ಎದುರಾಳಿ ಸಕಾಲದಲ್ಲಿ ಕೊಂಡಿದ್ದರೆ, ಮೇಷ್ಟ್ರ ಕಾರಿಗೆ ಹತ್ತು ವರ್ಷ ಸಾಮಾನು ಕೊಡುವುದಾಗಿ ಬರೆದುಕೊಟ್ಟಿದ್ದರೆ, ಆ ವಿಲೀನಕ್ಕೆ ನಾನೇ ಹೂಮಾಲೆ ಹಾಕುತ್ತಿದ್ದೆ.

ಆದರೆ ವಿಲೀನದ ಸುದ್ದಿ ನಂಬಿ ನಾನು ಒಮ್ಮೆ ಕೈ ಸುಟ್ಟುಕೊಂಡದ್ದೂ ಇದೆ. ಎರಡು ಕಂಪನಿಗಳು ಜೊತೆಯಾಗುತ್ತವೆ, ಇನ್ನು ಈ ಕಾರುಗಳಿಗೆ ಬೇಡಿಕೆ ಏರುತ್ತದೆ ಎಂದು ಬಿಡಿಭಾಗ ಪೂರೈಸುವವರೊಬ್ಬರು ಹೇಳಿದ್ದನ್ನು ನಂಬಿ 1 ಲಕ್ಷ 80 ಸಾವಿರ ರೂಪಾಯಿಯ ಸಾಮಾನು ತುಂಬಿದೆ. ಕೂಡಿಕೆ ಆಗಲಿಲ್ಲ. ಆ ಡಬ್ಬಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂದಿಗೂ ಮೇಲಿನ ಅಟ್ಟದಲ್ಲಿವೆ. ತಂದೆ ಆಗ ಬದುಕಿದ್ದರು. ಒಂದು ಮಾತೂ ಆಡದೆ ನನ್ನನ್ನು ಅಟ್ಟಕ್ಕೆ ಕರೆದುಕೊಂಡು ಹೋಗಿ ಮೂಲೆಯಲ್ಲಿದ್ದ ಅಂಬಾಸಿಡರ್‌ನ ಕಿಂಗ್‌ಪಿನ್ ಡಬ್ಬಿಯನ್ನು, ಅಂದರೆ ಮುಂದಿನ ಚಕ್ರ ತಿರುಗಲು ಆಧಾರವಾದ ಗೂಟದ ಡಬ್ಬಿಯನ್ನು, ತೋರಿಸಿದರು.

ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು. ಆ ಮಾರಿಸ್ ಮನೆತನದ ಗತಿಯನ್ನು ತಂದೆ ಚೆನ್ನಾಗಿ ತಿಳಿದುಕೊಂಡಿದ್ದರು. 1968ರಲ್ಲಿ ಆಸ್ಟಿನ್, ಮಾರಿಸ್, ಎಂಜಿ, ಜಾಗ್ವಾರ್, ರೋವರ್, ಟ್ರಯಂಫ್ ಎಲ್ಲವನ್ನೂ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ಸೂರಿನಡಿ ತಂದರು. ಸೂರು ಒಂದಾಯಿತು, ಒಲೆಗಳು ಒಂದಾಗಲಿಲ್ಲ. ಎಂಜಿಯ ಸ್ಪೋರ್ಟ್ಸ್ ಕಾರಿಗೆ ಅದೇ ಮನೆಯ ಟ್ರಯಂಫ್ ಎದುರಾಳಿ, ಜಾಗ್ವಾರಿಗೆ ಅದೇ ಮನೆಯ ರೋವರ್ ಎದುರಾಳಿ. 1975ರಲ್ಲಿ ಸರ್ಕಾರ ಕಂಪನಿಯನ್ನು ವಹಿಸಿಕೊಳ್ಳಬೇಕಾಯಿತು. ಕೊನೆಯ ಕೊಂಡಿಯಾಗಿ ಉಳಿದಿದ್ದ ಎಂಜಿ ರೋವರ್ 2005ರಲ್ಲಿ ಕುಸಿಯಿತು. ಮೂಲ ಮನೆ ಬಿದ್ದುಹೋದ ಮೇಲೂ ನಮ್ಮ ಅಂಬಾಸಿಡರ್ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಲೇ ಇತ್ತು.

ಎಂಜಿ ಎಂಬ ಹೆಸರು ಚೀನಾದ ಸೈಕ್ ಕಂಪನಿಯ ಪಾಲಾಗಿ, ಈಗ ನಮ್ಮ ಜಿಲ್ಲೆಗೇ ಬಂದು ತಗಲಿಕೊಂಡಿದೆ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಹೊಂದಿರುವ ಜೆಎಸ್‌ಡಬ್ಲ್ಯು ಸಮೂಹ 2023ರ ನವೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡು ಎಂಜಿಯ ಭಾರತದ ವ್ಯವಹಾರದಲ್ಲಿ ಶೇಕಡಾ 35 ಪಾಲು ಪಡೆಯಿತು. ತೋರಣಗಲ್ಲಿನಲ್ಲಿ ಕಾರಿನ ಮೈಗೆ ಬೇಕಾದ ತೆಳು ತಗಡೂ ತಯಾರಾಗುತ್ತದೆ, ನನ್ನ ಅಕ್ಕನ ಮಗ ಅಲ್ಲಿಯೇ ಪಾಳಿಯ ಕೆಲಸ ಮಾಡುತ್ತಾನೆ. ಒಂದು ಕೆಟ್ಟ ವಿಲೀನದಲ್ಲಿ ನಲುಗಿದ, ಆಕ್ಸ್‌ಫರ್ಡ್ ಊರಿನಲ್ಲಿ ಹುಟ್ಟಿದ ಎಂಜಿ ಎಂಬ ಹೆಸರು ಅರ್ಧ ಭೂಮಿ ಸುತ್ತಿ ನಮ್ಮ ಕೆಂಪು ಧೂಳಿನ ನೆಲಕ್ಕೆ ಬಂದು ಮುಟ್ಟಿದ್ದನ್ನು ತಂದೆ ನೋಡಬೇಕಾಗಿತ್ತು ಎಂದು ಅನ್ನಿಸುತ್ತದೆ.

ಸ್ಟೆಲ್ಲಾಂಟಿಸ್ ಬಗ್ಗೆಯೂ ಒಂದು ಮಾತು, ಏಕೆಂದರೆ ಮೇಸ್ತ್ರಿ ಅದನ್ನೇ ತಮ್ಮ ತುರುಪಿನ ಎಲೆ ಎಂದುಕೊಂಡಿದ್ದರು. 2021ರ ಜನವರಿಯಲ್ಲಿ ಫಿಯಾಟ್ ಕ್ರೈಸ್ಲರ್ ಮತ್ತು ಪ್ಯೂಜೊ, ಸಿಟ್ರೊಯೆನ್ ಕಾರುಗಳ ಫ್ರಾನ್ಸಿನ ಪಿಎಸ್‌ಎ ಒಂದಾಗಿ ಹುಟ್ಟಿದ ಕಂಪನಿ ಅದು, ಹದಿನಾಲ್ಕು ಕಾರು ಹೆಸರುಗಳು ಅದರಡಿ ಇವೆ. ಒಬ್ಬರಿಗೆ ಅಮೆರಿಕದಲ್ಲಿ ಬಲ, ಇನ್ನೊಬ್ಬರಿಗೆ ಯುರೋಪಿನಲ್ಲಿ ಬಲ. ಲೆಕ್ಕಕ್ಕೆ ಅರ್ಥವಿತ್ತು, 2023ರಲ್ಲಿ 1,860 ಕೋಟಿ ಯೂರೋ ಲಾಭವೂ ಬಂತು. ಮರುವರ್ಷ ಆ ಲಾಭ 550 ಕೋಟಿಗೆ ಕುಸಿಯಿತು. ಅಮೆರಿಕದ ಶೋರೂಮುಗಳಲ್ಲಿ ಬೆಲೆ ಏರಿಸಿದ ಕಾರುಗಳು ಮಾರಾಟವಾಗದೆ ನಿಂತವು, ಮುಖ್ಯಸ್ಥ ಕಾರ್ಲೋಸ್ ಟವಾರೆಸ್ 2024ರ ಡಿಸೆಂಬರ್ 1ರಂದು ರಾಜೀನಾಮೆ ಕೊಟ್ಟರು. ಖರ್ಚು ಕಡಿಯುವುದರಲ್ಲೇ ಮೈಮರೆತರೆ ಗಿರಾಕಿ ಎದ್ದು ಹೋಗುತ್ತಾನೆ ಎಂಬುದು ಒಂದು ಸಣ್ಣ ಅಂಗಡಿ ನಡೆಸುವವರಿಗೂ ಗೊತ್ತಿರುವ ಸಂಗತಿ.

ನಿಸ್ಸಾನ್ ಒಂಟಿಯಾಗಿ ಉಳಿದು ಸುಖವಾಗಿದೆ ಎಂದು ನಾನು ಹೇಳುತ್ತಿಲ್ಲ. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಅದರ ನಷ್ಟ 67,000 ಕೋಟಿ ಯೆನ್ ದಾಟಿತು. 20,000 ಜನರ ಕೆಲಸ ತೆಗೆಯುವುದಾಗಿ, 17 ಕಾರ್ಖಾನೆಗಳನ್ನು 10ಕ್ಕೆ ಇಳಿಸುವುದಾಗಿ ಅದು ಹೇಳಿತು. "ನೋಡಿ, ಹೋಂಡಾ ಜೊತೆ ಹೋಗಿದ್ದರೆ ಇವರೆಲ್ಲ ಉಳಿಯುತ್ತಿದ್ದರು" ಎಂದು ಮೇಸ್ತ್ರಿ ಅಂದರು. ನನಗೆ ಹಾಗನ್ನಿಸುವುದಿಲ್ಲ. ಇಂಥ ವಿಲೀನದಿಂದ ಇಷ್ಟು ಕೋಟಿ ಉಳಿತಾಯ ಎಂದು ಅವರು ಹೇಳುವಾಗ ಆ ಉಳಿತಾಯದ ದೊಡ್ಡ ಪಾಲು ಎರಡೆರಡಾಗಿರುವುದನ್ನು ಒಂದು ಮಾಡುವುದರಿಂದಲೇ ಬರುತ್ತದೆ. ಎರಡು ಕಾರ್ಖಾನೆಗಳಲ್ಲಿ ಒಂದು, ಎರಡು ಕಚೇರಿಗಳಲ್ಲಿ ಒಂದು, ಒಂದೇ ಊರಿನ ಎರಡು ಶೋರೂಮುಗಳಲ್ಲಿ ಒಂದು. ಮುಚ್ಚುವ ಬಾಗಿಲು ಹೇಗೂ ಮುಚ್ಚುತ್ತಿತ್ತು, ಬೀಗ ಹಾಕುವ ಕೈ ಮಾತ್ರ ಬೇರೆಯವರದಾಗುತ್ತಿತ್ತು. ಅದಕ್ಕಿಂತ ಹೋಂಡಾ ಮತ್ತು ನಿಸ್ಸಾನ್ ಬ್ಯಾಟರಿ, ಸಾಫ್ಟ್‌ವೇರ್ ಕೆಲಸಗಳಲ್ಲಿ ಕೂಡಿ ದುಡಿಯಲಿ. ಮಾತುಕತೆ ಮುರಿದ ದಿನವೂ ಆ ಬಾಗಿಲನ್ನು ಅವರು ಮುಚ್ಚಲಿಲ್ಲ.

ಮೇಸ್ತ್ರಿ ಇನ್ನೂ ಪೂರ್ತಿ ಒಪ್ಪಿಲ್ಲ. ಮೇಷ್ಟ್ರ ಕಾರಿನ ವಿಷಯದಲ್ಲಿ ನಾನೂ ಅವರ ಮಾತನ್ನು ತಳ್ಳಿಹಾಕಲಾರೆ. ಮೊನ್ನೆ ಇಬ್ಬರೂ ಸೇರಿ ಅಟ್ಟ ಹತ್ತಿ ಆ 1 ಲಕ್ಷ 80 ಸಾವಿರದ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿ, ಕೆತ್ತಿದ ಸಂಖ್ಯೆಗಳನ್ನು ಓದಿ, ಇವತ್ತಿಗೂ ಓಡುತ್ತಿರುವ ಬೇರೆ ಕಂಪನಿಗಳ ಯಾವ ಕಾರಿಗೆ ಯಾವುದು ಕೂರುತ್ತದೆ ಎಂದು ಪಟ್ಟಿ ಮಾಡಿದೆವು. ಹದಿಮೂರು ಡಬ್ಬಿಗಳು ಕೆಳಗಿನ ಕಪಾಟಿಗೆ ಇಳಿದವು.

ಅದೇ ಸಂಜೆ ಸಿರುಗುಪ್ಪದ ಯಜಮಾನರ ಫೋನ್ ಬಂತು. ಇನ್ನೊಂದು ಚಕ್ರವೂ ಈಗ ಗುಂಯ್‌ಗುಡುತ್ತಿದೆಯಂತೆ, ಶನಿವಾರ ಬರುತ್ತಾರಂತೆ. "ಆ ಬೇರೆ ಕಂಪನಿಯ ಡಬ್ಬಿಯದೇ ಒಂದು ಎತ್ತಿಡಮ್ಮಾ" ಎಂದರು. ಎತ್ತಿಟ್ಟಿದ್ದೇನೆ.